ಬಟ್ಲರ್ ಬೇಗೆ ಹೊರಡುವವರು ಮೊದಲು ಹಡಗನ್ನು ವಿಚಾರಿಸಿಕೊಳ್ಳಿ

ಲಿಟಲ್ ಅಂಡಮಾನ್ ದ್ವೀಪದ ಬಟ್ಲರ್ ಬೇ ಕಡಲತೀರಕ್ಕೆ, ಬೋರ್ಡ್ ಮೇಲೆ ನಿಂತು ಅಲೆಯೇರುವ ಸರ್ಫಿಂಗ್‌ಗೆಂದು ಹೊರಡುವವರು ಅಲೆಯ ಮುನ್ಸೂಚನೆಯನ್ನು ದಿನಕ್ಕೆ ನಾಲ್ಕು ಸಲ ನೋಡುತ್ತಾರೆಯೇ ಹೊರತು ಹಡಗಿನ ವೇಳಾಪಟ್ಟಿಯನ್ನು ಒಮ್ಮೆಯೂ ನೋಡುವುದಿಲ್ಲ. ನಾವೂ ನೋಡಿರಲಿಲ್ಲ. ಮೂಲ್ಕಿಯ ಕಡಲಿನಲ್ಲಿ ಆರು ವರ್ಷ ಬಿದ್ದೂ ಎದ್ದೂ ಬೋರ್ಡ್ ಮೇಲೆ ನಿಲ್ಲಲು ಕಲಿತ ನಾನು, ಸಮುದ್ರವೆಂದರೆ ಮಲ್ಪೆಯ ದಡದಲ್ಲಿ ಕಾಲು ನೆನೆಸಿಕೊಂಡು ಬರುವುದು ಎಂದು ನಂಬಿದ್ದ ನನ್ನ ಭಾವ, ಇಬ್ಬರೂ ಮಾರ್ಚ್ ಕೊನೆಯ ವಾರದಲ್ಲಿ ಒಂಬತ್ತು ದಿನಗಳಿಗೆಂದು ಹೊರಟು ಹನ್ನೊಂದನೆಯ ದಿನ ಮನೆ ಸೇರಿದೆವು. ಹೆಚ್ಚಾದ ಆ ಎರಡು ದಿನಗಳ ಕಾರಣಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀ ವಿಜಯಪುರಂ ಎಂಬ ಹೆಸರಾಗಿದೆ; ಆದರೆ ನಾವು ಮಾತನಾಡಿಸಿದ ಆಟೋದವರೆಲ್ಲರ ಬಾಯಲ್ಲೂ ಹಳೆಯ ಹೆಸರೇ ಇತ್ತು. ಅಲ್ಲಿಂದ ದಕ್ಷಿಣಕ್ಕಿರುವ ಲಿಟಲ್ ಅಂಡಮಾನ್‌ನ ಹಟ್ ಬೇ ದಕ್ಕೆಗೆ ಹೋಗಲು ನಾವು ನೆಚ್ಚಿಕೊಂಡದ್ದು ಸರ್ಕಾರಿ ಹಡಗನ್ನು. ಈ ಹಡಗುಗಳ ಟಿಕೆಟ್ ತಿಂಗಳ ಮೊದಲೇ ಸಿಗುವುದಿಲ್ಲ, ಪ್ರಯಾಣಕ್ಕೆ ಕೆಲವೇ ದಿನಗಳಿರುವಾಗ ಕೊಡಲಾರಂಭಿಸುತ್ತಾರೆ. ದ್ವೀಪವಾಸಿಗಳಿಗೆ ದರ ಕಡಿಮೆ, ಹೊರಗಿನವರಿಗೆ ಹೆಚ್ಚು. ಅವರಿಗೆ ಅದು ಆಸ್ಪತ್ರೆಗೂ ಕಚೇರಿಗೂ ಹೋಗಿಬರುವ ದಾರಿಯಾದ್ದರಿಂದ ಅದರ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ನಾವಿಳಿದುಕೊಂಡಿದ್ದ ವಸತಿಗೃಹದ ಮುಂದೆ ಪರಿಚಯವಾದ ಒಬ್ಬ ಮಧ್ಯವರ್ತಿಯ ಮೇಲೆ. ಕೌಂಟರಿನಲ್ಲಿ ಬಂಕ್ (ಮಲಗುವ ಜಾಗ) ಎಲ್ಲ ಮುಗಿದಿದೆ, ತನ್ನ ಬಳಿ ಎರಡು ಉಳಿದಿವೆ ಎಂದು ಹೇಳಿ ತಲೆಗೆ ಎರಡು ಸಾವಿರ ರೂಪಾಯಿ ಪಡೆದು, ಬೆಳಗಿನ ಜಾವ ಕತ್ತಲೆಯಲ್ಲಿ ಮಡಿಸಿದ ಕಾಗದವೊಂದನ್ನು ಕೈಗಿತ್ತು ಹೋದ. ದಕ್ಕೆಯ ದೀಪದ ಕೆಳಗೆ ಬಿಡಿಸಿ ನೋಡಿದರೆ ಅದು ಡೆಕ್ ಟಿಕೆಟ್, ಎಂದರೆ ಹಡಗಿನ ಅಟ್ಟದ ಮೇಲೆ ಸಿಕ್ಕಲ್ಲಿ ಕೂರುವ ಟಿಕೆಟ್. ಅದರ ಮೇಲೆ ಮುದ್ರಿತವಾಗಿದ್ದ ದರ ನಾವು ಕೊಟ್ಟದ್ದರ ಐದನೆಯ ಒಂದು ಪಾಲೂ ಇರಲಿಲ್ಲ.

ಹೀಗೆ ಎಂಟು ಗಂಟೆಗಳ ಕಾಲ ನಾವು ಈರುಳ್ಳಿ ಚೀಲಗಳಿಗೂ ಕೋಳಿ ಬುಟ್ಟಿಗೂ ನಡುವೆ ಕುಳಿತೆವು. ರಟ್‌ಲ್ಯಾಂಡ್ ದ್ವೀಪ ಹಿಂದಕ್ಕೆ ಸರಿದು ಡಂಕನ್ ಪ್ಯಾಸೇಜ್ ಎಂಬ ಜಲಸಂಧಿ ಆರಂಭವಾಗುವವರೆಗೆ ಎಲ್ಲವೂ ಚೆನ್ನಾಗಿತ್ತು. ಆನಂತರ ಹಡಗು ಮುಂದಕ್ಕೆ ಹೋಗುವುದಕ್ಕಿಂತ ಪಕ್ಕಕ್ಕೆ ವಾಲುವುದೇ ಹೆಚ್ಚಾಯಿತು. ಭಾವ ಮೊದಲು ಮಾತು ನಿಲ್ಲಿಸಿದರು, ಆಮೇಲೆ ಕಟಕಟೆ ಹಿಡಿದು ನಿಂತರು, ಕೊನೆಗೆ "ನಿನ್ನ ಅಲೆ ಹಾಳಾಗಿ ಹೋಗಲಿ ಮಾರಾಯ" ಎಂದು ನನ್ನ ಟವೆಲನ್ನೇ ಮುಖಕ್ಕೆ ಒತ್ತಿಕೊಂಡು ಮಲಗಿದರು. ವಾಂತಿ ತಡೆಯುವ ಮಾತ್ರೆಯನ್ನು ಹಡಗು ಹೊರಡುವ ಮೊದಲೇ ನುಂಗಬೇಕು. ತಲೆ ತಿರುಗಲಾರಂಭಿಸಿದ ಮೇಲೆ ನುಂಗಿದ ಮಾತ್ರೆ ಕಡಲಿನ ಪಾಲಾಗುತ್ತದೆ.

ಹಟ್ ಬೇಯಲ್ಲಿ ಊರುಗಳನ್ನು ಹೆಸರಿನಿಂದ ಕರೆಯುವಷ್ಟೇ ದಕ್ಕೆಯಿಂದಿರುವ ಕಿಲೋಮೀಟರಿನಿಂದಲೂ ಗುರುತಿಸುತ್ತಾರೆ. ನೇತಾಜಿ ನಗರ ಹನ್ನೊಂದನೆಯ ಕಿಲೋಮೀಟರ್, ಬಟ್ಲರ್ ಬೇ ಹದಿನಾಲ್ಕು. ಇದು ಗೊತ್ತಿಲ್ಲದೆ ನಾವು "ಕಡಲತೀರದ ಸರ್ಫ್ ವಸತಿ" ಎಂಬ ಮಾತನ್ನು ನಂಬಿ ಮೂರು ರಾತ್ರಿಗಳ ಮುಂಗಡ ಕೊಟ್ಟಿದ್ದೆವು. ಕೋಣೆ ಇದ್ದದ್ದು ಪೇಟೆಯ ಹಿಂಬದಿಯಲ್ಲಿ. ಕಿಟಕಿ ತೆರೆದರೆ ಕಾಣುತ್ತಿದ್ದದ್ದು ಡೀಸೆಲ್ ಜನರೇಟರ್. ಕೋಣೆ ಕಾದಿರಿಸುವ ಮುನ್ನ ಅದು ಎಷ್ಟನೆಯ ಕಿಲೋಮೀಟರಿನಲ್ಲಿದೆ ಎಂದು ಕೇಳಿ. ಉತ್ತರ ನೇರವಾಗಿ ಬಾರದಿದ್ದರೆ ಬಿಟ್ಟುಬಿಡಿ. ನಾಲ್ಕನೆಯ ದಿನ ನಾವು ನೇತಾಜಿ ನಗರದಲ್ಲಿ ಅರ್ಧ ಬೆಲೆಗೆ, ತಗಡಿನ ಮಾಡಿನ, ಹೊರಗೆ ಸ್ನಾನದ ಮನೆಯಿರುವ ಕೋಣೆಗೆ ಬಂದೆವು. ರಾತ್ರಿಯೆಲ್ಲ ಅಲೆಯ ಸದ್ದು ಕೇಳುತ್ತಿದ್ದರೆ ನನಗೆ ಬೇರೆ ಅನುಕೂಲ ಬೇಕಿಲ್ಲ. ಭಾವನ ಅಭಿಪ್ರಾಯ ಬೇರೆ.

ಬಟ್ಲರ್ ಬೇ ಹೇಗಿದೆ ಎಂದರೆ, ಬೆಳಗ್ಗೆ ಐದೂವರೆಗೆ ಸೂರ್ಯ ಹುಟ್ಟುವಾಗ ಬಿಳಿ ಮರಳಿನ ಆ ಉದ್ದ ದಂಡೆಯಲ್ಲಿ ನಾನೊಬ್ಬನೇ ಇದ್ದೆ, ಏಳು ಗಂಟೆಗೂ ನಾನೊಬ್ಬನೇ ಇದ್ದೆ. ಪ್ರವಾಸಿಗರು ಮುಗಿಬೀಳುವ ಹ್ಯಾವ್‌ಲಾಕ್ ದ್ವೀಪದ (ಈಗಿನ ಸ್ವರಾಜ್ ದ್ವೀಪ) ಜನಜಂಗುಳಿಯನ್ನು ಸಹಿಸದ ನನ್ನಂಥವರಿಗೆ ಇಷ್ಟು ಸಾಕು. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗಳು ಎಬ್ಬಿಸಿದ ಉಬ್ಬಲೆಗಳು ಸಾವಿರಾರು ಕಿಲೋಮೀಟರ್ ಸಾಗಿ ಇಲ್ಲಿಗೆ ಬರುತ್ತವೆ. ಮಾರ್ಚ್ ಮಧ್ಯದಿಂದ ಮೇ ತನಕ ಒಳ್ಳೆಯ ಕಾಲ; ಸಾಮಾನ್ಯ ಪ್ರವಾಸಿಗರು ಬರುವ ಡಿಸೆಂಬರಿನಲ್ಲಿ ಅಲೆ ಚಿಕ್ಕದು. ನನಗೆ ಸಿಕ್ಕಿದ್ದು ಎದೆಯೆತ್ತರದ, ಮೂಲ್ಕಿಯದಕ್ಕಿಂತ ಉದ್ದವಾಗಿ ಓಡುವ ಅಲೆ. ಆದರೆ ನೀರು ಇಳಿದಾಗ ಕೆಲವೆಡೆ ಹವಳದ ಕಲ್ಲು ಮೊಣಕಾಲಿನಷ್ಟು ಆಳದಲ್ಲೇ ಇರುತ್ತದೆ. ನೀರು ಏರುವ ಭರತದ ವೇಳೆ ನೋಡಿಕೊಂಡು ಇಳಿಯುವುದು ಕ್ಷೇಮ. ಎರಡನೆಯ ದಿನವೇ ನನ್ನ ಬೋರ್ಡಿನ ತಳದ ರೆಕ್ಕೆ, ಎಂದರೆ ಫಿನ್ ಒಂದು ಮುರಿಯಿತು, ಊರೆಲ್ಲ ಅಲೆದರೂ ಇನ್ನೊಂದು ಸಿಗಲಿಲ್ಲ. ಬೋರ್ಡ್, ಹೆಚ್ಚುವರಿ ಫಿನ್ ಮತ್ತು ಲೀಶ್ (ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ), ಕಾಲು ಜಾರದಂತೆ ಬೋರ್ಡಿಗೆ ಸವರುವ ವ್ಯಾಕ್ಸ್, ಬಿರುಕು ಮುಚ್ಚುವ ಅಂಟು ಎಲ್ಲವನ್ನೂ ಊರಿನಿಂದಲೇ ಒಯ್ಯಿರಿ.

ಮೊಸಳೆಯ ಎಚ್ಚರಿಕೆಯನ್ನು ತಮಾಷೆಯೆಂದು ತಿಳಿಯಬೇಡಿ. ಇಲ್ಲಿನ ಉಪ್ಪುನೀರಿನ ಮೊಸಳೆಗಳು ಕಡಲಿಗೂ ಇಳಿಯುತ್ತವೆ. 2010ರಲ್ಲಿ ಹ್ಯಾವ್‌ಲಾಕ್‌ನಲ್ಲಿ ವಿದೇಶಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ತೋಡು ಬಂದು ಕಡಲು ಸೇರುವ ಅಳಿವೆಯ ಹತ್ತಿರ ನೀರಿಗಿಳಿಯಬಾರದು, ಸಂಜೆಯ ಮಬ್ಬಿನಲ್ಲಿ ಎಲ್ಲಿಯೂ ಇಳಿಯಬಾರದು. ಸಂಜೆ ಐದೂವರೆಗೇ ಸೂರ್ಯ ಮುಳುಗುತ್ತಾನೆ ಎಂಬುದನ್ನು ನಮ್ಮ ಗಡಿಯಾರದ ಅಭ್ಯಾಸ ಮರೆಸುತ್ತದೆ.

ಪಶ್ಚಿಮ ತೀರದಲ್ಲಿ ಇದಕ್ಕಿಂತ ದೊಡ್ಡ ಅಲೆಗಳಿವೆ, ದೋಣಿಯಲ್ಲಿ ಕರೆದೊಯ್ಯುತ್ತೇನೆ ಎಂದು ನಮಗೂ ಒಬ್ಬರು ಹೇಳಿದರು. ಆದರೆ ಆ ತೀರವೂ ಸೇರಿ ದ್ವೀಪದ ಬಹುಭಾಗ ಇಲ್ಲಿನ ಮೂಲನಿವಾಸಿಗಳಾದ ಓಂಗೆ ಜನರಿಗೆ ಮೀಸಲಾದ ಪ್ರದೇಶ. ಅವರು ಉಳಿದಿರುವುದೇ ನೂರರ ಆಸುಪಾಸಿನಲ್ಲಿ. ಪರವಾನಗಿಯಿಲ್ಲದೆ ಅಲ್ಲಿಗೆ ಕಾಲಿಡುವುದು ಬುಡಕಟ್ಟು ಜನರ ರಕ್ಷಣೆಗೆಂದು ಮಾಡಿದ 1956ರ ನಿಯಮದ ಪ್ರಕಾರ ಅಪರಾಧ. ಅಲೆಯ ಆಸೆಗೆ ಇನ್ನೊಬ್ಬರ ಅಂಗಳಕ್ಕೆ ನುಗ್ಗುವುದು ನನಗಂತೂ ಸರಿಬರಲಿಲ್ಲ.

ಊಟದ ವಿಷಯ ಹೇಳದಿದ್ದರೆ ಪಾಪ ತಟ್ಟೀತು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸರ್ಕಾರ ಈ ದ್ವೀಪದಲ್ಲಿ ನೆಲೆ ಕೊಟ್ಟಿತ್ತು. ಅಂಥದೊಂದು ಮನೆತನದ ತಾಯಿ ಮಗಳು ನೇತಾಜಿ ನಗರದ ರಸ್ತೆಬದಿಯಲ್ಲಿ ಹೆಸರುಫಲಕವಿಲ್ಲದ ಊಟದ ಮನೆ ನಡೆಸುತ್ತಾರೆ. ಎರಡು ಬೆಂಚು, ಒಂದು ಮೇಜು. ನೂರು ರೂಪಾಯಿಗೆ ಅನ್ನ, ತೆಳ್ಳಗಿನ ಬೇಳೆ, ಬಾಳೆಹೂವಿನ ಪಲ್ಯ, ಅಂದು ಬೆಳಗ್ಗೆ ಹಿಡಿದ ಮೀನಿನ ದಪ್ಪ ತುಂಡೊಂದು. ಮೀನನ್ನು ಅರಿಶಿನ, ಉಪ್ಪು ಸವರಿ ಸಾಸಿವೆ ಎಣ್ಣೆಯಲ್ಲಿ ಹುರಿದು, ಅದೇ ಎಣ್ಣೆಗೆ ಸೀಳಿದ ಹಸಿಮೆಣಸು ಮತ್ತು ಅರೆದ ಸಾಸಿವೆ ಹಾಕಿ ಸಾರು ಮಾಡುತ್ತಿದ್ದರು. ತೆಂಗಿನಕಾಯಿ ಇಲ್ಲದ ಮೀನುಸಾರು ಸಾರೇ ಅಲ್ಲ ಎಂದು ವಾದಿಸುತ್ತ ಬಂದಿದ್ದ ಭಾವ ಮೊದಲ ದಿನವೇ ಮೂರನೆಯ ಸಲ ಅನ್ನ ಹಾಕಿಸಿಕೊಂಡರು. ಆಕೆ ಅದಕ್ಕೆ ಬೇರೆ ಹಣ ಹಿಡಿಯಲಿಲ್ಲ. ಬೆಳಗ್ಗೆ ಒಂಬತ್ತರೊಳಗೆ ಹೇಳಿಹೋಗಬೇಕು, ಇಲ್ಲದಿದ್ದರೆ ಅವರು ಅಷ್ಟು ಅಕ್ಕಿ ಹಾಕಿರುವುದಿಲ್ಲ.

ಮರಳುನೊಣದ ಕಡಿತಕ್ಕೆ ಭಾವ ಹಚ್ಚಿದ ಕೊಬ್ಬರಿ ಎಣ್ಣೆಯಾಗಲೀ ನಾನು ಹಚ್ಚಿದ ಮುಲಾಮಾಗಲೀ ಉಪಯೋಗಕ್ಕೆ ಬರಲಿಲ್ಲ. ಕಚ್ಚಿದಾಗ ಗೊತ್ತಾಗುವುದಿಲ್ಲ, ಮರುದಿನ ತುರಿಕೆ ಶುರುವಾಗಿ ವಾರ ಕಳೆದರೂ ಬಿಡುವುದಿಲ್ಲ. ದಂಡೆಯಲ್ಲಿ ಕೂರುವಾಗ ಉದ್ದ ಪ್ಯಾಂಟ್ ತೊಡಿ, ಬರಿಮರಳಿನ ಮೇಲೆ ಮಲಗಬೇಡಿ.

ಹಿಂದಿರುಗುವ ದಿನ ಗಾಳಿಯ ಕಾರಣಕ್ಕೆ ಹಡಗು ರದ್ದಾಯಿತು, ಮರುದಿನವೂ ಬರಲಿಲ್ಲ, ನಮ್ಮ ವಿಮಾನದ ಟಿಕೆಟ್ ವ್ಯರ್ಥವಾಯಿತು. ಹಡಗಿಗೂ ವಿಮಾನಕ್ಕೂ ನಡುವೆ ಕನಿಷ್ಠ ಎರಡು ದಿನ ಬಿಟ್ಟುಕೊಳ್ಳಿ. ಮೇ ತಿಂಗಳಾದರೆ ಮೂರು. ಹಡಗು ಬರುವ ಸುದ್ದಿ ಸಿಕ್ಕಾಗ ಮಾತ್ರ ಭಾವ ಯಾರನ್ನೂ ನಂಬಲಿಲ್ಲ. ನಸುಕಿನಲ್ಲೇ ಎದ್ದು ಹೋಗಿ ಟಿಕೆಟ್ ಕೌಂಟರಿನ ಸಾಲಿನಲ್ಲಿ ಮೊದಲಿಗರಾಗಿ ನಿಂತು, ಮುದ್ರಿತ ದರಕ್ಕೇ ಎರಡು ಬಂಕ್ ತಂದರು. ಚಿಲ್ಲರೆಯನ್ನು ನನ್ನ ಮುಂದೆ ಎರಡು ಸಲ ಎಣಿಸಿದರು.