ಹಾರ್ಟ್ಲ್‌ಪೂಲಿನಲ್ಲಿ ತೇಲುತ್ತಿರುವ ಸಾಗವಾನಿ

ಮೊದಲೇ ಹೇಳಿಬಿಡುತ್ತೇನೆ, ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಹಾರ್ಟ್ಲ್‌ಪೂಲಿಗೆ, ಅಲ್ಲಿನ ಹಳೆಯ ಹಡಗು ನೋಡಲು, ಭಾನುವಾರ ರೈಲು ನಂಬಿಕೊಂಡು ಹೋಗಬೇಡಿ. ಹಿಂದಿನ ರಾತ್ರಿಯೇ ರೈಲು ಇದೆಯಾ ಅಂತ ನೋಡಿಕೊಳ್ಳಿ. ನಾವು ನೋಡಲಿಲ್ಲ. ಮಿಡಲ್ಸ್‌ಬರೋ ಸ್ಟೇಷನ್‌ನಲ್ಲಿ ಇಳಿದ ಮೇಲೆ ಗೊತ್ತಾಯಿತು, ಮುಂದಿನ ರೈಲು ರದ್ದು, ಬದಲಿಗೆ ಬಸ್ಸು. ಆ ಬಸ್ಸು ಎಲ್ಲಿ ನಿಲ್ಲುತ್ತದೆ ಅಂತ ಕೇಳಿದರೆ ಮೂರು ಜನ ಮೂರು ಕಡೆ ಕೈ ತೋರಿಸಿದರು. ಜೂನ್ ತಿಂಗಳಲ್ಲೂ ಮೂಳೆ ಕೊರೆಯುವ ಗಾಳಿ. ಒಂದು ಗಂಟೆ ಹತ್ತು ನಿಮಿಷ ನಿಂತೆವು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಉಳಿದ ಎರಡು ದಿನದ ಬಗ್ಗೆ ಬರೆಯುವುದು ಜಾಸ್ತಿ ಇಲ್ಲ. ಅದೇ ಕರಾವಳಿಯ ವಿಟ್ಬಿ ಊರು ಚೆನ್ನಾಗಿದೆ, ಎಲ್ಲರೂ ಹೋಗುತ್ತಾರೆ, ನಾವೂ ಹೋದೆವು. ಪಾರ್ಮೋ ಅಂತ ಈ ಕಡೆಯವರು ಹೆಮ್ಮೆಯಿಂದ ಬಡಿಸುವ ಒಂದು ತಿಂಡಿ ಇದೆ. ಕೋಳಿಮಾಂಸ ಕರಿದು, ಮೇಲೆ ಬಿಳಿ ಸಾಸು, ಅದರ ಮೇಲೆ ಚೀಸು. ಮನೆಯವರು ತಿಂದರು. ನಾನು ನೋಡಿಯೇ ಸುಸ್ತಾದೆ.

ಹೋಗಿದ್ದು ಹಡಗು ನೋಡಲು. ಎಚ್‌ಎಂಎಸ್ ಟ್ರಿಂಕೋಮಲಿ. ಬ್ರಿಟನ್ನಿನಲ್ಲಿ ಇವತ್ತಿಗೂ ನೀರಿನ ಮೇಲೆ ತೇಲುತ್ತಿರುವ ಅತಿ ಹಳೆಯ ಯುದ್ಧನೌಕೆ. ಕಟ್ಟಿದ್ದು ಮಾತ್ರ ಬ್ರಿಟನ್ನಿನಲ್ಲಲ್ಲ, ನಮ್ಮ ಮುಂಬಯಿಯಲ್ಲಿ. 1817ರ ಅಕ್ಟೋಬರ್ 12ರಂದು ನೀರಿಗಿಳಿಸಿದ್ದು.

ನಿಜ ಹೇಳಬೇಕೆಂದರೆ ಹೋಗುವಾಗ ನನಗೇನೂ ಉತ್ಸಾಹ ಇರಲಿಲ್ಲ. ಮಗಳ ಶಾಲೆಯ ಪ್ರಾಜೆಕ್ಟಿಗೆ ಬೇಕಿತ್ತು, ಅಷ್ಟೇ. ದೂರದಿಂದ ಮೂರು ಕಂಬ ಕಂಡವು, ಆಮೇಲೆ ಕಪ್ಪು ಬಿಳಿ ಪಟ್ಟೆಯ ಹೊಟ್ಟೆ, ಮೂತಿಯಲ್ಲಿ ಪೇಟ ಸುತ್ತಿದ ಮರದ ಗೊಂಬೆ. ಸಮುದ್ರದಲ್ಲಿ ಕಳೆದುಹೋದ ನಮ್ಮೂರ ಯಾರೋ ಹಿರಿಯರ ಹಾಗೆ ಕಂಡರು ನನಗೆ. ಒಳಗೆ ಹೋಗಿ ಕೆಳಗಿನ ಅಂತಸ್ತಿಗೆ ಇಳಿದೆ. ಇಳಿದ ಎರಡನೇ ನಿಮಿಷಕ್ಕೇ ಹಣೆ ಹೋಗಿ ತೊಲೆಗೆ ಬಡಿಯಿತು. ಬಗ್ಗಿ ನಡೆಯಿರಿ ಅಂತ ಮೇಲೇ ಹೇಳಿದ್ದರು, ಕೇಳಿದವರಾರು!

ಹಣೆ ಉಜ್ಜಿಕೊಳ್ಳುತ್ತ ಆ ತೊಲೆಯನ್ನು ಹಿಡಿದುಕೊಂಡೆನಲ್ಲ, ಆಗ ಬೆರಳಿಗೆ ಗೊತ್ತಾಯಿತು. ಸಾಗವಾನಿ.

ಇದಕ್ಕೆ ಕಾರಣ ಇದೆ. ನಮ್ಮಪ್ಪ ಯಲ್ಲಾಪುರದ ಕಡೆಯ ಬಡಗಿ. ನಾನು ಬೆಳೆದಿದ್ದೇ ನಾಟಾ ರಾಶಿಯ ಪಕ್ಕ, ಕೀಸುಳಿ ಹೊಟ್ಟಿನ ಮೇಲೆ. ಸಾಗವಾನಿ ಎಷ್ಟು ಹಳೆಯದಾದರೂ ಮುಟ್ಟಿದರೆ ಸ್ವಲ್ಪ ಮೇಣ ಮೇಣ ಅನ್ನಿಸುತ್ತದೆ. ಈ ತೊಲೆಯ ಅಂಚಿನಲ್ಲಿ ಸಣ್ಣ ಸಣ್ಣ ತಗ್ಗುಗಳು ಬೇರೆ, ಮೀನಿನ ಪೊರೆಯ ಹಾಗೆ ಸಾಲಾಗಿ. ಬಾಚಿಯಿಂದ ಕೆತ್ತಿದರೆ ಹಾಗೇ ಬರುತ್ತದೆ. ತಡೆಯಲಾಗದೆ ಅಪ್ಪನಿಗೆ ವೀಡಿಯೋ ಕಾಲ್ ಮಾಡಿದೆ. ಅಲ್ಲಿ ಸಂಜೆ ಚಹಾ ಹೊತ್ತು.

"ಅಪ್ಪಾ, ಇದೇನು ಮರ ಹೇಳು."

"ಫೋನ್ ಹತ್ತಿರ ಹಿಡಿ. ಇನ್ನೂ ಹತ್ತಿರ. ಸಾಗವಾನಿ ಅಲ್ವಾ? ಯಾರ ಮನೆ ಅದು?"

ಮನೆ ಅಲ್ಲ, ಹಡಗು, ಇನ್ನೂರು ವರ್ಷ ಆಗಿದೆ ಅಂದರೆ ಅಪ್ಪ ನಂಬಲಿಲ್ಲ. ಅಷ್ಟರಲ್ಲಿ ಅಲ್ಲಿನ ಗೈಡ್ ಬಂದರು. ಎಪ್ಪತ್ತು ದಾಟಿದವರು, ಹಿಂದೆ ಉಕ್ಕಿನ ಕಾರ್ಖಾನೆಯಲ್ಲಿದ್ದರಂತೆ, ಈಗ ಸುಮ್ನೆ ಕೂರಲಾಗದೆ ಇಲ್ಲಿ ಬಂದು ಜನರಿಗೆ ತೋರಿಸುತ್ತಾರೆ. ಫೋನಿನಲ್ಲಿರುವುದು ಬಡಗಿ, ಅದೂ ಸಾಗವಾನಿ ಕಾಡಿನ ಕಡೆಯವರು ಅಂತ ತಿಳಿದದ್ದೇ ತಡ, ಉಳಿದ ಪ್ರವಾಸಿಗಳನ್ನೆಲ್ಲ ಬಿಟ್ಟು ನಮ್ಮ ಜೊತೆ ಕೂತುಬಿಟ್ಟರು. ನಾನು ನಡುವೆ ದುಭಾಷಿ. ಮಗಳು, ಮನೆಯವರು ಮೇಲೆ ಫಿರಂಗಿ ನೋಡಲು ಹೋದರು.

ಗೈಡ್ ಹೇಳಿದ್ದು ಇಷ್ಟು. ಇಂಗ್ಲೆಂಡಿನ ಓಕ್ ಮರದಲ್ಲಿ ಒಂಥರಾ ಹುಳಿ ಇರುತ್ತದೆ, ಅದು ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ಸಾಗವಾನಿಯಲ್ಲಿ ಎಣ್ಣೆ ಇದೆ, ಮೊಳೆ ಹಾಳಾಗುವುದಿಲ್ಲ. ನಾನು ಇದನ್ನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಅಪ್ಪ, "ಅವರಿಗೆ ಹೇಳು, ಗೆದ್ದಲೂ ಹತ್ತೋದಿಲ್ಲ" ಅಂದ. ನೆಪೋಲಿಯನ್ ಯುದ್ಧದ ಕಾಲಕ್ಕೆ ಇಂಗ್ಲೆಂಡಿನಲ್ಲಿ ಒಳ್ಳೆಯ ಓಕ್ ಸಿಗುವುದೇ ಕಷ್ಟವಾಗಿತ್ತು. ಅದಕ್ಕೇ ಮುಂಬಯಿಯ ಕಡೆ ತಿರುಗಿದರು.

ಮುಂಬಯಿಯಲ್ಲಿ ಇದ್ದದ್ದು ವಾಡಿಯಾ ಮನೆತನ. 1736ರಲ್ಲಿ ಲವ್‌ಜಿ ನಸರ್ವಾನ್‌ಜಿ ಎಂಬ ಪಾರ್ಸಿ ಬಡಗಿಯನ್ನು ಈಸ್ಟ್ ಇಂಡಿಯಾ ಕಂಪನಿ ಸೂರತ್ತಿನಿಂದ ಕರೆಸಿಕೊಂಡಿತು. ಜೊತೆಗೆ ಒಂದಷ್ಟು ಬಡಗಿಗಳು. ಅಲ್ಲಿಂದ ಮಗ, ಮೊಮ್ಮಗ, ಮರಿಮಗ ಅಂತ ಸುಮಾರು 150 ವರ್ಷ ಮುಂಬಯಿ ಹಡಗುಕಟ್ಟೆಯ ಹಿರಿಯ ಮೇಸ್ತ್ರಿಗಿರಿ ಆ ಮನೆಯಲ್ಲೇ ಉಳಿಯಿತು. ಟ್ರಿಂಕೋಮಲಿ ಕಟ್ಟಿದ ಜಮ್ಶೇಟ್‌ಜಿ ಬೊಮನ್‌ಜಿ ವಾಡಿಯಾ ಲವ್‌ಜಿಯ ಮೊಮ್ಮಗ. ಅದಕ್ಕೂ ಮೊದಲೇ, 1810ರಲ್ಲಿ, 74 ಫಿರಂಗಿಯ ಮಿಂಡೆನ್ ಎಂಬ ಯುದ್ಧನೌಕೆ ಕಟ್ಟಿ ಕಳಿಸಿದ್ದವರು.

ಟ್ರಿಂಕೋಮಲಿಯ ನಕ್ಷೆಯ ಕಥೆ ಕೇಳಿ. ಇಂಗ್ಲೆಂಡಿನಿಂದ ಜಾವಾ ಎಂಬ ಹಡಗಿನಲ್ಲಿ ನಕ್ಷೆ ಕಳಿಸಿದರು. 1812ರ ಕೊನೆಗೆ ದಾರಿಯಲ್ಲಿ ಅಮೆರಿಕದ ಕಾನ್ಸ್‌ಟಿಟ್ಯೂಷನ್ ಎಂಬ ಯುದ್ಧನೌಕೆ ಎದುರಾಗಿ ಜಾವಾವನ್ನು ಸೋಲಿಸಿತು, ನಕ್ಷೆಯೂ ಹೋಯಿತು. ಮತ್ತೆ ಹೊಸದು ಕಳಿಸಬೇಕಾಯಿತು. ಆ ಕಾನ್ಸ್‌ಟಿಟ್ಯೂಷನ್ ಕೂಡ ಇನ್ನೂ ಬಾಸ್ಟನ್ನಿನಲ್ಲಿ ತೇಲುತ್ತಿದೆ! ಹೀಗೆ ತಡವಾಗಿ 1816ರಲ್ಲಿ ಕೆಲಸ ಶುರುವಾಗುವಷ್ಟರಲ್ಲಿ ನೆಪೋಲಿಯನ್ ಸೋತು ಯುದ್ಧವೇ ಮುಗಿದಿತ್ತು. 23 ಸಾವಿರ ಪೌಂಡಿಗೂ ಮೇಲೆ ಸುರಿದು ಕಟ್ಟಿದ ಹಡಗನ್ನು ಇಂಗ್ಲೆಂಡಿಗೆ ಒಯ್ದು 1845ರ ತನಕ ಸುಮ್ನೆ ಕಟ್ಟಿಹಾಕಿದ್ದರು.

ಕೆಲಸ ಶುರು ಮಾಡುವಾಗ ಹಡಗಿನ ಬೆನ್ನೆಲುಬಿನ ದಿಮ್ಮಿಗೆ ಜಮ್ಶೇಟ್‌ಜಿ ಬೆಳ್ಳಿ ಮೊಳೆ ಹೊಡೆದರಂತೆ, ಅದು ಪಾರ್ಸಿಗಳ ಶಾಸ್ತ್ರ. ಅಪ್ಪನಿಗೆ ಇದು ತುಂಬ ಹಿಡಿಸಿತು. "ಮತ್ತೆ? ನಾವು ಹೊಸ್ತಿಲ ಕೆಳಗೆ ನಾಣ್ಯ ಇಡೋದಿಲ್ವಾ?"

ಮರ ಎಲ್ಲಿಯದು ಅಂತ ಅಪ್ಪನ ಪ್ರಶ್ನೆ. ಮಲಬಾರ್ ಸಾಗವಾನಿ ಅಂದರು ಗೈಡ್. "ಮಲಬಾರ್ ಅಂತೆ! ನಮ್ಮ ಕಾಳಿ ಹೊಳೆಯಲ್ಲಿ ತೇಲಿಸಿ ಸದಾಶಿವಗಡಕ್ಕೆ ಒಯ್ದದ್ದು ಯಾವ ಲೆಕ್ಕಕ್ಕೆ?" ಇದನ್ನು ನಾನು ಅನುವಾದಿಸಲಿಲ್ಲ. ಈ ಹಡಗಿನ ತೊಲೆ ನಮ್ಮ ಕಾಡಿನದೇ ಅನ್ನಲು ನನ್ನ ಹತ್ತಿರ ಆಧಾರ ಇಲ್ಲ. ಆದರೆ ಪಡುವಣ ಕರಾವಳಿಯ ಸಾಗವಾನಿಗಾಗಿ ಕಂಪನಿ ಎಷ್ಟು ಹಾತೊರೆದಿತ್ತೆಂದರೆ, 1806ರಲ್ಲಿ ಮಲಬಾರಿಗೆ ಕ್ಯಾಪ್ಟನ್ ವಾಟ್ಸನ್ ಎಂಬ ಪೊಲೀಸ್ ಅಧಿಕಾರಿಯನ್ನೇ ಕಾಡಿನ ಉಸ್ತುವಾರಿಗೆ ಹಾಕಿತು. ಅಪ್ಪಣೆ ಇಲ್ಲದೆ ಯಾರೂ ಸಾಗವಾನಿಗೆ ಕೊಡಲಿ ಹಾಕುವಂತಿರಲಿಲ್ಲ. ಹಿತ್ತಲಿನ ಒಂದು ಮರ ಕಡಿಯಲು ಇವತ್ತೂ ಪರವಾನಗಿಗೆ ಅಲೆಯುವ ಅಪ್ಪನಿಗೆ ಇದನ್ನು ಹೇಳಿದರೆ ಬೈಗುಳದ ಮಳೆಯೇ ಬರುತ್ತಿತ್ತು.

ವಾಡಿಯಾಗಳ ಹಡಗುಗಳ ಬಗ್ಗೆ ನನಗೆ ಪೂರ್ತಿ ಹೆಮ್ಮೆ ಅಂತಲೂ ಅಲ್ಲ. ಅವರು 1813ರಲ್ಲಿ ಕಟ್ಟಿದ ಕಾರ್ನ್‌ವಾಲಿಸ್ ಮೇಲೆಯೇ 1842ರಲ್ಲಿ ಬ್ರಿಟಿಷರು ಚೀನಾದವರಿಂದ ನಾನ್‌ಜಿಂಗ್ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು ಹಾಂಗ್‌ಕಾಂಗ್ ಕಿತ್ತುಕೊಂಡದ್ದು. ಅಫೀಮಿನ ಯುದ್ಧ. ಮೇಸ್ತ್ರಿ ಕಟ್ಟಿದ ಮನೆಯಲ್ಲಿ ಯಾರು ಏನು ಮಾಡುತ್ತಾರೋ ಅದು ಮೇಸ್ತ್ರಿಯ ಕೈಲಿಲ್ಲ, ಸರಿ. ಆದರೂ.

ಕೊನೆಗೆ ಗೈಡ್ ಸ್ವಲ್ಪ ತಡವರಿಸಿ ಇನ್ನೊಂದು ಕಥೆ ಹೇಳಿದರು. ಇದು ಅದೇ ಹೆಸರಿನ ಇನ್ನೊಂದು ಹಡಗಿನದು, 1800ರಲ್ಲಿ ಜಮ್ಶೇಟ್‌ಜಿ ಕಟ್ಟಿದ ಕಾರ್ನ್‌ವಾಲಿಸ್. ಅದರ ತಳದಲ್ಲಿ, ಯಾರ ಕಣ್ಣಿಗೂ ಬೀಳದ ದಿಮ್ಮಿಯ ಮೇಲೆ, ಅವರು ಒಂದು ಸಾಲು ಕೆತ್ತಿದ್ದರಂತೆ: ಈ ಹಡಗು ಕಟ್ಟಿದವನು ಒಬ್ಬ ದರಿದ್ರ ಕರಿಯ, 1800. ಎಷ್ಟೋ ವರ್ಷದ ಮೇಲೆ ರಿಪೇರಿಗೆ ಬಂದಾಗ ಅವರೇ ತೋರಿಸಿದರಂತೆ. ಯಾರ ಬಾಯಲ್ಲಿ ಆ ಬೈಗುಳ ಕೇಳಿದ್ದರೋ. ಇಂಗ್ಲಿಷಿನ ಆ ಮಾತನ್ನು ನಮ್ಮೆದುರು ಹೇಳುವಾಗ ಗೈಡ್ ಮುಖ ಕೆಂಪಾಯಿತು.

ನಾನು ಅಪ್ಪನಿಗೆ ಹೇಳಿದೆ. ಆ ಕಡೆಯಿಂದ ಸದ್ದೇ ಇಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ. ನೋಡಿದರೆ ಅಪ್ಪ ಚಹಾ ಲೋಟ ಕೆಳಗಿಟ್ಟು ನಗುತ್ತಿದ್ದ.

"ನಾನೂ ಬರೀತಿದ್ದೆ ಮಗಾ."

"ಏನು?"

"ಹೆಸರು. ಬಾಗಿಲ ಚೌಕಟ್ಟು ಕೂರಿಸೋ ಮುಂಚೆ, ಗೋಡೆ ಕಡೆ ಬರ್ತದಲ್ಲ ಆ ಮೈಮೇಲೆ, ಪೆನ್ಸಿಲಿನಲ್ಲಿ. ಕೆಲವು ಕಡೆ ಒಳಗೆ ನೀರೂ ಕೊಡ್ತಿರಲಿಲ್ಲ ನೋಡು. ಅಂಥ ಮನೆಯಲ್ಲಿ ಉಳಿಯಿಂದಲೇ ಕೆತ್ತಿದ್ದೂ ಉಂಟು."

ನಲವತ್ತು ವರ್ಷದಲ್ಲಿ ನನಗೆ ಇದು ಗೊತ್ತೇ ಇರಲಿಲ್ಲ. ಅಮ್ಮನಿಗೂ ಗೊತ್ತಿರಲಿಲ್ಲ ಅಂತ ಹಿಂದಿನಿಂದ ಬಂದ ದನಿಯಲ್ಲೇ ತಿಳಿಯಿತು. ಗೈಡಿಗೆ ಹೇಳಿದೆ. ಅವರು ಟೋಪಿ ತೆಗೆದು ಫೋನಿಗೆ ತಲೆ ಬಾಗಿಸಿದರು.

"ಯಾರ್ಯಾರ ಮನೆ ಅಪ್ಪಾ?"

"ಅದೆಲ್ಲ ಹೇಳೋದಲ್ಲ. ಮನೆ ಕೆಡವಿದ ದಿನ ಅವರಿಗೇ ಸಿಗ್ತದೆ. ನೀನು ಆ ತೊಲೆ ಕೂಡಿಸಿದ ಜಾಗ ಇನ್ನೊಂದು ಸಲ ತೋರಿಸು, ಸಂದು ಎಲ್ಲಿದೆ ಅಂತ ನನಗೆ ಕಾಣಲೇ ಇಲ್ಲ."