ಕೊನೆಯಲ್ಲಿ ನಡೆಯುತ್ತಿದ್ದ ಮೇಷ್ಟ್ರು

ಬಾಟನಿ ಮೇಷ್ಟ್ರು ಹೋದ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದಾಗ ನಾನು ಆಫೀಸಿನ ಲಿಫ್ಟಿನಲ್ಲಿದ್ದೆ. ಎರಡನೇ ಮಹಡಿಗೆ ಲಿಫ್ಟು. ಅವರು ನೋಡಿದ್ದರೆ ಸುಮ್ನೆ ಬಿಡುತ್ತಿರಲಿಲ್ಲ.

ಮೂರು ವರ್ಷ ಅವರು ಏನು ಪಾಠ ಮಾಡಿದರು ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಪಾಚಿ, ಶಿಲೀಂಧ್ರ, ಯಾವುದೋ ಕಾಂಡದ ಸೀಳು. ಎಲ್ಲ ಹೋಯಿತು. ಉಳಿದಿರುವುದು ಅವರ ಖಾಕಿ ಚೀಲ, ಕಿತ್ತುಹೋದ ಕ್ಯಾನ್ವಾಸ್ ಶೂ, ಮತ್ತೆ ನಮ್ಮ ಟ್ರೆಕ್ಕಿಂಗ್ ಕ್ಲಬ್. ಕ್ಲಬ್ ಎಂದರೆ ದೊಡ್ಡದೇನಲ್ಲ. ಒಂದು ಹಗ್ಗ, ಎರಡು ಟಾರ್ಚು, ಒಂದು ಔಷಧದ ಡಬ್ಬಿ. ನಿಯಮವೂ ಒಂದೇ. ಎಲ್ಲರಿಗಿಂತ ನಿಧಾನ ನಡೆಯುವವನು ಮುಂದೆ, ಮೇಷ್ಟ್ರು ಕೊನೆಯಲ್ಲಿ. ನನ್ನಂಥ ಚುರುಕು ಕಾಲಿನವರಿಗೆ ಇದು ಹಿಂಸೆ. (ಕ್ಲಬ್ಬಿನಲ್ಲಿ ನನಗಿಂತ ಬೇಗ ಹತ್ತುವವರು ಇರಲಿಲ್ಲ. ಬೇಕಾದರೆ ಯಾರನ್ನಾದರೂ ಕೇಳಿ.)

1994ರ ನವೆಂಬರಿನಲ್ಲಿ ಕುಮಾರಪರ್ವತಕ್ಕೆ ಹೋದೆವು. ನಾವು ಹುಡುಗರು 15 ಜನ, ಮೇಷ್ಟ್ರು ಸೇರಿ 16. ಮೈಸೂರಿನಿಂದ ರಾತ್ರಿ ಬಸ್ಸು. ಮಡಿಕೇರಿ, ಸುಳ್ಯ ದಾಟಿ ಬೆಳಗಿನ ಜಾವ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಇಳಿದೆವು. ಕುಮಾರಧಾರಾ ಹೊಳೆಯಲ್ಲಿ ಸ್ನಾನ ಮಾಡುವಾಗ ನನಗೂ ನನ್ನ ರೂಮ್‌ಮೇಟಿಗೂ ಒಂದು ಐಡಿಯಾ ಹೊಳೆಯಿತು. ನಮ್ಮ ಗುಂಪಿನ ಭಾರಿ ಆಳು, ನಿಧಾನದ ಕಾರಣಕ್ಕೆ ದಿನವೂ ಮುಂದೆ ನಡೆಯುವ ಗೌರವ ಪಡೆದವನು, ಅವನ ಚೀಲದ ತಳಕ್ಕೆ ಒಂದು ಕಲ್ಲು ಹಾಕುವುದು. ತೆಂಗಿನಕಾಯಿ ಗಾತ್ರದ, ನುಣುಪಾದ ಹೊಳೆಕಲ್ಲು. ಕತ್ತಲು ಇನ್ನೂ ಪೂರ್ತಿ ಹರಿದಿರಲಿಲ್ಲ, ಚೀಲಗಳೆಲ್ಲ ಖಾಕಿ. ಹಾಕಿದೆವು.

ಕಾಡಿನೊಳಗೆ ಹೊಕ್ಕ ಮೇಲೆ ಇಂಬಳಗಳ ಕಾಟ. ಮೇಷ್ಟ್ರು ಸುಣ್ಣ, ಹೊಗೆಸೊಪ್ಪು ಬಟ್ಟೆಯಲ್ಲಿ ಕಟ್ಟಿ ಒಬ್ಬೊಬ್ಬರ ಕಾಲಿಗೂ ಮುಟ್ಟಿಸುತ್ತಾ ಬಂದರು. ಕಿತ್ತ ಮೇಲೂ ರಕ್ತ ಯಾಕೆ ನಿಲ್ಲುವುದಿಲ್ಲ ಎಂದು ಒಬ್ಬ ಹೆದರಿ ಕೇಳಿದ. ಹೆಪ್ಪುಗಟ್ಟದಂತೆ ಮಾಡುವ ರಸ ಅದರ ಎಂಜಲಲ್ಲೇ ಇದೆ, ಸ್ವಲ್ಪ ಹೊತ್ತು ಸುರಿಯುತ್ತೆ, ಸಾಯಲ್ಲ ನಡಿ, ಎಂದರು. ಅವರ ಪಾಠಗಳಲ್ಲಿ ನನಗೆ ಇಂದಿಗೂ ಬಾಯಿಗೆ ಬರುವುದು ಇದೊಂದೇ ಇರಬೇಕು.

ಮಧ್ಯಾಹ್ನ ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಅನ್ನ, ಸಾಂಬಾರು, ಮಜ್ಜಿಗೆ. ಆ ಬೆಟ್ಟ ಹತ್ತಿದವರಿಗೆಲ್ಲ ಆ ಊಟದ ರುಚಿ ಗೊತ್ತು. ರಾತ್ರಿ ಅಲ್ಲೇ ತಂಗಿದೆವು. ಭಾರಿ ಆಳು ತನ್ನ ಚೀಲ ಪೂರ್ತಿ ಬಿಚ್ಚಿ ಹಾಸಿಗೆ ಹಾಸಿದ. ಕಲ್ಲು ಇಲ್ಲ. ನಮ್ಮಿಬ್ಬರ ಮುಖ ಬಿಳಿಚಿತು. ತಿರುಗಿ ನೋಡಿದರೆ ಮೇಷ್ಟ್ರು ಖಾಕಿ ಚೀಲವನ್ನೇ ದಿಂಬು ಮಾಡಿಕೊಂಡು ಗೊರಕೆ ಹೊಡೆಯುತ್ತಿದ್ದರು. ಹೇಗೆ ತೆಗೆಯುವುದು ಹೇಳಿ?

ಬೆಳಿಗ್ಗೆ ಹೊರಟಾಗ ಎಲ್ಲಿಂದಲೋ ಒಂದು ನಾಯಿ ಜೊತೆಯಾಯಿತು. ಬಣ್ಣ ಕಂದು, ಆದರೂ ನಾವಿಟ್ಟ ಹೆಸರು ಕರಿಯ. ಮೇಷ್ಟ್ರು ಎಂದಿನಂತೆ ತಲೆ ಎಣಿಸಿ “17” ಎಂದರು. “ಸಾರ್, 16” ಎಂದೆವು. ಅವರು ಗಲ್ಲದಿಂದಲೇ ನಾಯಿಯ ಕಡೆ ತೋರಿಸಿದರು. ಕರಿಯನದು ವಿಚಿತ್ರ ನಡಿಗೆ. ಮುಂದಿನವನ ತನಕ ಓಡುವುದು, ಅಲ್ಲಿಂದ ತಿರುಗಿ ಕೊನೆಗೆ ಮೇಷ್ಟ್ರ ಹತ್ತಿರ ಬರುವುದು, ಮತ್ತೆ ಓಡುವುದು. ನಾವು ಒಂದು ಸಲ ಹತ್ತಿದ ಬೆಟ್ಟವನ್ನು ಅದು ಮೂರು ಸಲ ಹತ್ತಿರಬೇಕು. ಕಲ್ಲು ಮಂಟಪದ ಹತ್ತಿರ ನೀರು ತುಂಬಿಸಿಕೊಂಡೆವು. ಶೇಷಪರ್ವತದ ನೆತ್ತಿಯಲ್ಲಿ ಮಂಜು ಎಷ್ಟಿತ್ತೆಂದರೆ ಮುಂದಿನವನ ಬೆನ್ನು ಕಾಣುತ್ತಿರಲಿಲ್ಲ, ನಾಯಿಯ ಏದುಸಿರು ಮಾತ್ರ ಕೇಳುತ್ತಿತ್ತು. ಅಲ್ಲಿಂದ ಇಳಿದು, ಶೋಲೆ ಕಾಡು ಹೊಕ್ಕು, ಒದ್ದೆ ಬಂಡೆ ತೆವಳಿ, 1,712 ಮೀಟರಿನ ತುದಿ. ಚಪಾತಿಯಲ್ಲಿ ಕರಿಯನಿಗೂ ಸಮಪಾಲು. ಅಷ್ಟು ಹೊತ್ತೂ ನನ್ನ ಕಣ್ಣು ಆ ಚೀಲದ ಮೇಲೇ. ಮೇಷ್ಟ್ರು ಅದನ್ನು ಭಟ್ಟರ ಮನೆಯಲ್ಲಿ ಬಿಟ್ಟು ಬಂದಿರಲಿಲ್ಲ. ಔಷಧದ ಡಬ್ಬಿ ಅದರಲ್ಲೇ ಇತ್ತು.

ಇಳಿಯುವಾಗ ಕರಿಯ ಗಿರಿಗದ್ದೆಯಲ್ಲಿ ನಿಲ್ಲಲಿಲ್ಲ. ಹೋಗು ಅಂದರೂ ಹೋಗಲಿಲ್ಲ. ಕಲ್ಲು ತೋರಿಸಿ ಹೆದರಿಸಿದರೆ ಬಾಲ ಆಡಿಸಿತು. ಕಾಡಿನ ಅಂಚಿಗೆ ಬಂದಾಗ ಎರಡೂವರೆ ಗಂಟೆ. ಕೆಳಗೆ ಪೇಟೆಯ ನಾಯಿಗಳ ಬೊಗಳು ಕೇಳಿ ಅದು ಬಾಲ ಮಡಚಿ ಮೇಷ್ಟ್ರ ಕಾಲ ಸಂದಿಗೆ ಸೇರಿತು. ಆರಕ್ಕೆ ನಮ್ಮ ಬಸ್ಸು. ಮೇಷ್ಟ್ರು ಒಂದು ಕ್ಷಣ ನಿಂತರು. “ನಮ್ಮ ಜೊತೆ ಬಂದದ್ದು, ನಾವೇ ಬಿಟ್ಟು ಬರಬೇಕು ಅಲ್ವಾ?” ಎಂದು ಟಾರ್ಚು ತೆಗೆದುಕೊಂಡು ವಾಪಸ್ ಹತ್ತತೊಡಗಿದರು. ಚೀಲ ಹೆಗಲಲ್ಲೇ.

ಇಲ್ಲಿ ಒಂದು ಮಾತು ಬರೆಯಲೇಬೇಕು, ಬೇರೆ ಯಾರೂ ಬರೆಯುವುದಿಲ್ಲ. ಅವರ ಹಿಂದೆ ಓಡಿದವನು ನಾನೊಬ್ಬನೇ. ರೂಮ್‌ಮೇಟಿಗೆ ಕಾಲು ಉಳುಕಿತ್ತಂತೆ.

ಏದುಸಿರು ಬಿಡುತ್ತಾ ಹೇಳಿಬಿಟ್ಟೆ. ಸಾರ್, ಚೀಲದಲ್ಲಿ ಕಲ್ಲಿದೆ.

“ಗೊತ್ತು ಮಾರಾಯ. ಮೊನ್ನೆ ರಾತ್ರಿ ಬಸ್ಸಲ್ಲಿ ಮೆತ್ತಗಿದ್ದ ದಿಂಬು ನಿನ್ನೆ ರಾತ್ರಿ ಹೇಗೆ ಗಟ್ಟಿಯಾಗುತ್ತೆ? ಯಾರು ಹೇಳ್ತೀರಿ ಅಂತ ಕಾಯ್ತಿದ್ದೆ.” ಚೀಲ ಇಳಿಸಿ ನನ್ನ ಹೆಗಲಿಗೆ ಹಾಕಿದರು. “ಈಗ ನಿನ್ನದು.”

ಆ ಎರಡು ಗಂಟೆಯ ಏರು ನಾನು ಯಾವತ್ತೂ ಮರೆಯುವುದಿಲ್ಲ. ಮೊದಲ ಸಲ ನಾನು ಕೊನೆಯಲ್ಲಿದ್ದೆ. ಅವರು ಪಾಠದ ಮಾತೇ ಆಡಲಿಲ್ಲ. ಊರಿನ ಸಾಲ, ಮಗಳ ಜ್ವರ, ಹೈಸ್ಕೂಲಿನಲ್ಲಿ ತಾವು ಸಾಕಿದ್ದ ನಾಯಿ, ಏನೇನೋ. ಭಟ್ಟರ ಮನೆ ಕಂಡ ಕೂಡಲೇ ಕರಿಯ ತಿರುಗಿ ಕೂಡ ನೋಡದೆ ಓಡಿತು. ಕೃತಘ್ನ, ಎಂದೆ. ಮೇಷ್ಟ್ರು ನಕ್ಕರು.

ಆಮೇಲೆ ನಾನು ಮುಳ್ಳಯ್ಯನಗಿರಿ, ಕುದುರೆಮುಖ, ತಡಿಯಂಡಮೋಳ್ ಎಲ್ಲ ಹತ್ತಿದೆ. ಹಿಮಾಲಯಕ್ಕೂ ಎರಡು ಸಲ ಹೋಗಿ ಬಂದೆ, ಫೋಟೋ ಇವೆ. ನನ್ನ ಮಗನ ಕಾಲೇಜಿನಲ್ಲೂ ಟ್ರೆಕ್ಕಿಂಗ್ ಕ್ಲಬ್ ಇದೆ, ಫೈಲಿನಲ್ಲಿ. ಒಪ್ಪಿಗೆ ಪತ್ರ, ವಿಮೆ, ಹಾಜರಾತಿ ಎಲ್ಲ ಮುಗಿಯುವಷ್ಟರಲ್ಲಿ ಪರೀಕ್ಷೆ ಬರುತ್ತದೆ. ಮೇಷ್ಟ್ರುಗಳನ್ನು ಬಯ್ಯುವಂತಿಲ್ಲ, ಅವರಿಗೂ ಫಾರಂ ತುಂಬುವ ಕೆಲಸವೇ ಜಾಸ್ತಿ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸೇರಿದ್ದ ಚಿತ್ರ ನೀವೂ ನೋಡಿರಬಹುದು. ಈಗ ಆನ್‌ಲೈನಿನಲ್ಲಿ ಟಿಕೆಟ್ ಮಾಡಿಸಿಕೊಂಡು ಹೋಗಬೇಕು. ಒಳ್ಳೆಯದೇ. ಆದರೆ ಆ ಸಾಲಿನ ಕೊನೆಯಲ್ಲಿ ಯಾರಿದ್ದಾರೆ ಎಂದು ನಾನು ಆ ಚಿತ್ರ ಹಿಗ್ಗಿಸಿ ಹುಡುಕಿದ್ದೆ.

ಅವತ್ತು ಕೆಳಗೆ ಬಂದಾಗ ರಾತ್ರಿ ಎಂಟು. ಬಸ್ಸು ಹೋಗಿತ್ತು. ದೇವಸ್ಥಾನದ ಊಟ ಮುಗಿಸಿ ಮೇಷ್ಟ್ರು ನನ್ನನ್ನು ಸ್ನಾನಘಟ್ಟಕ್ಕೆ ಕರೆದುಕೊಂಡು ಹೋದರು. ಕಲ್ಲು ತೆಗೆದು ಎಸೆಯಲು ಕೈ ಎತ್ತಿದೆ.

“ಎಸೀಬೇಡ. ಎಲ್ಲಿತ್ತೋ ಅಲ್ಲಿಡು.”

ಪ್ಯಾಂಟು ಮಡಚಿ ಮೊಣಕಾಲು ನೀರಿಗಿಳಿದು ಇಟ್ಟು ಬಂದೆ. ಬಸ್ ಸ್ಟ್ಯಾಂಡಿನಲ್ಲಿ ನಮ್ಮವರು ಸಾಲಾಗಿ ಮಲಗಿದ್ದರು. ಮೇಷ್ಟ್ರು ಟಾರ್ಚ್ ಹಾಕಿ ಒಬ್ಬೊಬ್ಬರನ್ನೇ ಎಣಿಸಿದರು, ನನ್ನನ್ನು, ಕೊನೆಗೆ ತಮ್ಮನ್ನು. 16. ಸ್ವಲ್ಪ ಹೊತ್ತು ಬೆಟ್ಟದ ಕಡೆ ನೋಡುತ್ತಾ ನಿಂತಿದ್ದು ಟಾರ್ಚ್ ಆರಿಸಿದರು.