ಕಲಾವಿದರ ಪಟ್ಟಿಯನ್ನು ಡೇಟಾಬೇಸಿನಲ್ಲಿ ಎಲ್ಲಿಡಬೇಕು?

ಯಕ್ಷಗಾನ ಆಟಗಳ ದಾಖಲೆ ಇಡಲು ನಾನೊಂದು ಸಣ್ಣ ಸೈಟ್ ಮಾಡಿಕೊಂಡಿದ್ದೇನೆ. ಕೋಡ್ ಬರೆಯಲು ಪಿಎಚ್‌ಪಿ, ಮಾಹಿತಿ ಇಡಲು ಮೈಎಸ್‌ಕ್ಯೂಎಲ್ ಡೇಟಾಬೇಸ್, ಅಷ್ಟೇ. ಯಾವ ಊರಲ್ಲಿ ಆಟ, ಯಾವ ಪ್ರಸಂಗ, ಭಾಗವತರು ಯಾರು, ಯಾರದ್ದು ಯಾವ ವೇಷ, ಎಲ್ಲ ಅದರಲ್ಲಿದೆ. ದೀಪಾವಳಿ ಹೊತ್ತಿಗೆ ಮೇಳಗಳು ತಿರುಗಾಟಕ್ಕೆ ಹೊರಟರೆ ಮಳೆಗಾಲದ ತನಕ ದಿನಾ ಎಲ್ಲಾದರೂ ಒಂದು ಆಟ ಇದ್ದೇ ಇರುತ್ತದೆ. ಬರೆದಿಡದಿದ್ದರೆ ಯಾರ ವೇಷ ಯಾವುದಿತ್ತು ಎನ್ನುವುದು ಬೇಗ ಮರೆತುಹೋಗುತ್ತದೆ. ನನಗೆ ಅದು ಮರೆಯಬಾರದು.

ಊರು, ತಾರೀಖು, ಪ್ರಸಂಗ ಇವೆಲ್ಲ ಆಟಕ್ಕೆ ಒಂದೊಂದೇ. ಅವಕ್ಕೆ ಒಂದೊಂದು ಕಾಲಮ್ ಸಾಕು. ಕಲಾವಿದರು ಹಾಗಲ್ಲ. ಫಾರ್ಮ್ ತುಂಬಿ ಕಳಿಸಿದಾಗ ಅವರು ಪಿಎಚ್‌ಪಿಗೆ ಒಂದು ಅರೇ (ಕ್ರಮವಾದ ಪಟ್ಟಿ) ಆಗಿ ಬರುತ್ತಾರೆ. ಈ ಅರೇಯನ್ನು ಟೇಬಲ್ಲಿನಲ್ಲಿ ಹೇಗೆ ಇಡುವುದು? ಹೊಸದಾಗಿ ಕೋಡ್ ಕಲಿಯುವವರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ.

ಎಲ್ಲರ ಕೈಗೂ ಮೊದಲು ಸಿಗುವುದು ಪಿಎಚ್‌ಪಿಯ ಸೀರಿಯಲೈಜ್ ಫಂಕ್ಷನ್. ಅರೇ ಕೊಟ್ಟರೆ ಒಂದು ಉದ್ದ ಸ್ಟ್ರಿಂಗ್ (ಅಕ್ಷರಗಳ ಸಾಲು) ಕೊಡುತ್ತದೆ, ಅದನ್ನು ಟೆಕ್ಸ್ಟ್ ಕಾಲಮ್ಮಿಗೆ ಹಾಕಿದರೆ ಕೆಲಸ ಮುಗಿಯಿತು. ಆದರೆ ಆ ಸ್ಟ್ರಿಂಗಿನಲ್ಲಿ ಪ್ರತಿ ಪದದ ಮುಂದೆ ಅದರ ಉದ್ದವನ್ನೂ ಬೈಟ್ ಲೆಕ್ಕದಲ್ಲಿ ಬರೆದಿರುತ್ತದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್. ಕೊಂಬು, ಸೊನ್ನೆ ಎಲ್ಲ ಬೇರೆ ಬೇರೆ ಚಿಹ್ನೆಗಳೇ, ಒತ್ತಿಗಂತೂ ಎರಡು ಚಿಹ್ನೆ. ‘ಚಂಡೆ’ ಅಂದರೆ 12 ಬೈಟ್, ‘ಚೆಂಡೆ’ ಅಂದರೆ 15. ನಮ್ಮಲ್ಲಿ ಎರಡೂ ರೀತಿ ಬರೆಯುತ್ತಾರೆ. ನಾಳೆ ಎಲ್ಲವನ್ನೂ ‘ಚೆಂಡೆ’ ಮಾಡೋಣ ಅಂತ ಡೇಟಾಬೇಸಿನಲ್ಲೇ ರಿಪ್ಲೇಸ್ ಓಡಿಸಿದರೆ ಪದ ಬದಲಾಗುತ್ತದೆ, ಮುಂದಿರುವ 12 ಹಾಗೇ ಉಳಿಯುತ್ತದೆ. ಆಮೇಲೆ ಅನ್‌ಸೀರಿಯಲೈಜ್ ಮಾಡಿ ಅದನ್ನು ಮತ್ತೆ ಅರೇ ಮಾಡಲು ಹೋದರೆ ಸಿಗುವುದು ಬರೀ ಫಾಲ್ಸ್ (ಆಗಲಿಲ್ಲ ಎಂಬ ಉತ್ತರ). ಆ ಒಂದು ಪದಕ್ಕಾಗಿ ಇಡೀ ರಾತ್ರಿಯ ಪಟ್ಟಿ ಹೋಯಿತು. ಹೊರಗಿನವರು ಕಳಿಸಿದ ಸ್ಟ್ರಿಂಗನ್ನು ಅನ್‌ಸೀರಿಯಲೈಜ್ ಮಾಡುವುದಂತೂ ಬೇಡವೇ ಬೇಡ. ಅದರೊಳಗೆ ಆಬ್ಜೆಕ್ಟ್ ತುರುಕಿ ನಿಮ್ಮ ಕೋಡನ್ನೇ ಅವರಿಗೆ ಬೇಕಾದಂತೆ ಓಡಿಸುವ ದಾರಿ ಅದು.

ಕಲಾವಿದರ ನಂಬರುಗಳನ್ನು ಅಲ್ಪವಿರಾಮ ಹಾಕಿ ಸೇರಿಸಿಡುವವರೂ ಇದ್ದಾರೆ. ಅಲ್ಲಿ 1ನೇ ಕಲಾವಿದರನ್ನು ಲೈಕ್ (ಒಳಗೆಲ್ಲಾದರೂ ಇದೆಯಾ ಎಂದು ನೋಡುವುದು) ಹಾಕಿ ಹುಡುಕಿದರೆ 12, 21 ಎಲ್ಲ ಬರುತ್ತವೆ. ಮೈಎಸ್‌ಕ್ಯೂಎಲ್‌ನ ಫೈಂಡ್_ಇನ್_ಸೆಟ್ ಸರಿಯಾಗಿ ಹುಡುಕುತ್ತದೆ ನಿಜ, ಆದರೆ ಬೇಗ ಹುಡುಕಲು ಇರುವ ಇಂಡೆಕ್ಸ್ ಬಳಸುವುದಿಲ್ಲ. ಪ್ರತಿ ಸಾಲನ್ನೂ ಓದಲೇಬೇಕು.

ಪಟ್ಟಿಗಳನ್ನು ಪಠ್ಯವಾಗಿ ಬರೆಯುವ ಜೆಸಾನ್ ಎಂಬ ರೂಪ ಇವೆರಡಕ್ಕಿಂತ ಎಷ್ಟೋ ಮೇಲು. ಅದರಲ್ಲೂ ಕನ್ನಡಕ್ಕೆ ಒಂದು ಎಚ್ಚರ ಬೇಕು. ಪಿಎಚ್‌ಪಿಯ ಜೆಸಾನ್ ಎನ್‌ಕೋಡ್ ಸುಮ್ನೆ ಬಿಟ್ಟರೆ ಒಂದೊಂದು ಚಿಹ್ನೆಯನ್ನೂ 6 ಅಕ್ಷರದ ಕೋಡ್ ಮಾಡಿಬಿಡುತ್ತದೆ. ಟೆಕ್ಸ್ಟ್ ಕಾಲಮ್ಮಿನಲ್ಲಿ ‘ಚೆಂಡೆ’ ಅಂತ ಹುಡುಕಿದರೆ ಆಗ ಏನೂ ಸಿಗುವುದಿಲ್ಲ. ಅನ್‌ಎಸ್ಕೇಪ್ಡ್ ಯೂನಿಕೋಡ್ ಎಂಬ ಆಯ್ಕೆ ಕೊಟ್ಟರೆ ಕನ್ನಡ ಕನ್ನಡವಾಗೇ ಉಳಿಯುತ್ತದೆ. ಮೈಎಸ್‌ಕ್ಯೂಎಲ್ 5.7ರಿಂದ ಇರುವ ಜೆಸಾನ್ ಕಾಲಮ್ ಬಳಸಿದರೆ ಈ ತೊಂದರೆಯೇ ಇಲ್ಲ. ಅದು ಕೋಡನ್ನು ಬಿಡಿಸಿಯೇ ಒಳಗೆ ಇಟ್ಟುಕೊಳ್ಳುತ್ತದೆ.

ಇಷ್ಟಾದರೂ ಕಲಾವಿದರ ಪಟ್ಟಿಗೆ ನಾನು ಜೆಸಾನ್ ಒಪ್ಪುವುದಿಲ್ಲ. ಯಾಕೆಂದರೆ ನನ್ನ ಪ್ರಶ್ನೆಗಳೆಲ್ಲ ಪಟ್ಟಿಯ ಒಳಗಿನವರ ಬಗ್ಗೆಯೇ. ಈ ಕಲಾವಿದರು ಭೀಷ್ಮ ಮಾಡಿದ ಆಟಗಳು ಯಾವುವು? ಆಗ ಪರಶುರಾಮ ಯಾರು? ಹೀಗೆ ಕೇಳಬೇಕೆಂದರೆ ಒಂದೊಂದು ವೇಷವೂ ಒಂದೊಂದು ಸಾಲಾಗಬೇಕು. ಇಂಥ ಟೇಬಲ್ ಡೇಟಾಬೇಸಿನ ಕಲ್ಪನೆ ಕೊಟ್ಟ ಎಡ್ಗರ್ ಕಾಡ್ 1970ರಲ್ಲೇ ಇದನ್ನು ತೋರಿಸಿದ್ದರು. ನೌಕರನ ದಾಖಲೆಯೊಳಗೆ ಮಕ್ಕಳ ಪಟ್ಟಿ, ಹಿಂದಿನ ಕೆಲಸಗಳ ಪಟ್ಟಿ ತುಂಬಿರುವ ಉದಾಹರಣೆ ತೆಗೆದುಕೊಂಡು, ಅವನ್ನೆಲ್ಲ ಹೊರಗೆ ತೆಗೆದು ಬೇರೆ ಬೇರೆ ಟೇಬಲ್ ಮಾಡಿದರು.

ನನ್ನಲ್ಲಿ ಮೂರು ಟೇಬಲ್. ಆಟ, ಕಲಾವಿದ, ಇವೆರಡರ ನಡುವೆ ವೇಷ. ವೇಷದ ಟೇಬಲ್ಲಿನಲ್ಲಿ ಆಟದ ಐಡಿ, ಕಲಾವಿದರ ಐಡಿ, ಪಾತ್ರದ ಹೆಸರು, ಕ್ರಮಸಂಖ್ಯೆ. ಇಲ್ಲಿ ಪ್ರೈಮರಿ ಕೀ (ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವುದು) ಯಾವುದು ಅನ್ನುವುದನ್ನು ಆಟ ನೋಡಿದವರೇ ಹೇಳಬೇಕು. ಆಟದ ಐಡಿ ಮತ್ತು ಕಲಾವಿದರ ಐಡಿ ಸೇರಿಸಿದರೆ ಆಗುವುದಿಲ್ಲ. ಒಬ್ಬರೇ ಒಂದು ರಾತ್ರಿ ಎರಡು ವೇಷ ಮಾಡುವುದುಂಟು. ಆಟ ಮತ್ತು ಪಾತ್ರ ಸೇರಿಸಿದರೂ ಆಗುವುದಿಲ್ಲ. ಬೆಳಗಿನ ತನಕದ ಆಟದಲ್ಲಿ ಒಂದೇ ಪಾತ್ರವನ್ನು ಇಬ್ಬರು ಹಂಚಿಕೊಳ್ಳುತ್ತಾರೆ. ಹಾಗಾಗಿ ಆಟದ ಐಡಿ ಮತ್ತು ಕ್ರಮಸಂಖ್ಯೆ.

ಕ್ರಮಸಂಖ್ಯೆ ಇನ್ನೊಂದು ಕಾರಣಕ್ಕೂ ಬೇಕು. ಅರೇಗೆ ಒಂದು ಕ್ರಮ ಇರುತ್ತದೆ, ಟೇಬಲ್ಲಿನ ಸಾಲುಗಳಿಗೆ ಇಲ್ಲ. ಆರ್ಡರ್ ಬೈ ಹೇಳದಿದ್ದರೆ ಯಾವ ಸಾಲು ಮೊದಲು ಬರುತ್ತದೆ ಎನ್ನುವ ಖಾತ್ರಿಯಿಲ್ಲ. ಹಿಮ್ಮೇಳದಲ್ಲಿ ಭಾಗವತರ ಹೆಸರಿನ ಮುಂಚೆ ಚೆಂಡೆಯವರ ಹೆಸರು ಬಂದರೆ ಹೇಗೆ ಅಲ್ವಾ?

ಬರೆಯುವಾಗ ಪಿಡಿಒದಲ್ಲಿ (ಪಿಎಚ್‌ಪಿಯಿಂದ ಡೇಟಾಬೇಸ್ ಜೊತೆ ಮಾತಾಡುವ ಸಾಧನ) ಒಂದು ಪ್ರಿಪೇರ್ಡ್ ಸ್ಟೇಟ್‌ಮೆಂಟ್, ಅಂದರೆ ಮೊದಲೇ ಸಿದ್ಧಮಾಡಿದ ಆಜ್ಞೆ, ಮಾಡಿ, ಫೋರ್‌ಈಚ್ ಲೂಪಿನಲ್ಲಿ ಒಂದೊಂದೇ ಸಾಲು ಹಾಕುತ್ತೇನೆ. ತಿದ್ದುವಾಗ ಆ ಆಟದ ಹಳೆ ಸಾಲುಗಳನ್ನು ಅಳಿಸಿ ಹೊಸದಾಗಿ ಹಾಕುತ್ತೇನೆ. ಎರಡೂ ಒಂದೇ ಟ್ರಾನ್ಸಾಕ್ಷನ್ನಿನ (ಆದರೆ ಎಲ್ಲ ಆಗಬೇಕು, ಇಲ್ಲವೇ ಯಾವುದೂ ಆಗಬಾರದು) ಒಳಗೆ ಇರಲೇಬೇಕು. ಇಲ್ಲವಾದರೆ ಅಳಿಸಿದ ಮೇಲೆ ಕನೆಕ್ಷನ್ ಹೋದರೆ ಆಟ ಉಳಿದು ಕಲಾವಿದರು ಇಲ್ಲದಂತಾಗುತ್ತದೆ. ವೇಷದ ಟೇಬಲ್ಲಿನ ಕಲಾವಿದರ ಐಡಿಗೆ ಫಾರಿನ್ ಕೀ (ಕಲಾವಿದರ ಟೇಬಲ್ಲಿಗೆ ಕಟ್ಟುವ ಕೊಂಡಿ) ಹಾಕಿದ್ದೇನೆ. ವೇಷ ಇರುವವರೆಗೂ ಅವರ ಹೆಸರನ್ನು ಅಳಿಸಲು ಡೇಟಾಬೇಸೇ ಬಿಡುವುದಿಲ್ಲ. ಇದು ನನಗೆ ತುಂಬಾ ಇಷ್ಟದ ವಿಷಯ.

ಓದುವಾಗ ಆಟಕ್ಕೊಂದು ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಓಡಿಸಬೇಡಿ. ಪುಟದಲ್ಲಿರುವ ಎಲ್ಲ ಆಟಗಳ ಐಡಿಗಳನ್ನು ಒಂದೇ ಕ್ವೆರಿಯಲ್ಲಿ ಕೊಟ್ಟು, ಆಟದ ಐಡಿಯನ್ನು ಮೊದಲ ಕಾಲಮ್ಮಾಗಿ ಆರಿಸಿ, ಪಿಡಿಒದ ಫೆಚ್ ಗ್ರೂಪ್ ಬಳಸಿ. ಆಟಕ್ಕೊಂದರಂತೆ ಅರೇಗಳು ವಾಪಸ್ ಸಿಗುತ್ತವೆ. ಹೆಸರುಗಳನ್ನೆಲ್ಲ ಒಂದೇ ಸ್ಟ್ರಿಂಗ್ ಮಾಡಿಕೊಡುವ ಗ್ರೂಪ್_ಕನ್‌ಕ್ಯಾಟ್ ಇನ್ನೂ ಸುಲಭ ಅನಿಸುತ್ತದೆ, ಆದರೆ ಮೈಎಸ್‌ಕ್ಯೂಎಲ್‌ನಲ್ಲಿ ಅದರ ಮಿತಿ ನಾವು ಬದಲಿಸದಿದ್ದರೆ 1024 ಬೈಟ್. ಕನ್ನಡದಲ್ಲಿ ಸುಮಾರು 341 ಚಿಹ್ನೆ. ದೊಡ್ಡ ಮೇಳದ ಪಟ್ಟಿ ಅದರಲ್ಲಿ ಹಿಡಿಯುವುದಿಲ್ಲ, ಕೊನೆಯ ಹೆಸರುಗಳು ಒಂದು ಎಚ್ಚರಿಕೆಯೊಂದಿಗೆ ಕತ್ತರಿಸಿಹೋಗುತ್ತವೆ. ಆ ಎಚ್ಚರಿಕೆಯನ್ನು ಯಾರೂ ನೋಡುವುದಿಲ್ಲ.

ಆಟದ ಕರಪತ್ರದಲ್ಲಿದ್ದ ಸಾಲುಗಳನ್ನು ಮಾತ್ರ ನಾನು ಜೆಸಾನ್ ಕಾಲಮ್ಮಿನಲ್ಲೇ ಇಟ್ಟಿದ್ದೇನೆ. ಅವನ್ನು ಇದ್ದ ಹಾಗೆ ತೋರಿಸಬೇಕು, ಅಷ್ಟೇ. ಅದರೊಳಗೆ ಹುಡುಕುವ ಕೆಲಸವಿಲ್ಲ.

ಈಗ ತಾಳಮದ್ದಳೆಗಳನ್ನೂ ಸೇರಿಸುತ್ತಿದ್ದೇನೆ. ಅಲ್ಲಿ ವೇಷವಿಲ್ಲ, ಕೂತು ಪಾತ್ರದ ಮಾತು ಹೇಳುವ ಅರ್ಥಧಾರಿಗಳು. ವೇಷದ ಟೇಬಲ್ ಬದಲಿಸುವ ಅಗತ್ಯವೇ ಬರಲಿಲ್ಲ. ಆಟದ ಟೇಬಲ್ಲಿಗೆ ‘ಬಗೆ’ ಅಂತ ಒಂದು ಕಾಲಮ್ ಹೆಚ್ಚಾಯಿತು. ರಂಗದಲ್ಲಿ ಭೀಷ್ಮ ಮಾಡಿದವರು ತಾಳಮದ್ದಳೆಯಲ್ಲಿ ಯಾರ ಅರ್ಥ ಹೇಳಿದ್ದಾರೆ ಎಂದು ಒಂದೇ ಕ್ವೆರಿಯಲ್ಲಿ ಕೇಳಬಹುದು.